ಗೊಟಗೋಡಿಯ ಕಣ: ಒಂದು ಉದ್ಯಾನದ ಬದಲಾಗುವ ಗುರುತು

(ಕುಂದಗೋಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಕುಂದಗೋಳದ ವೇದಿಕೆಯ ಮೇಲೆ ನಿಂತವರು ಸವಾಯಿ ಗಂಧರ್ವರ ಸಂಗೀತದ ಬಗ್ಗೆ ಮಾತಾಡಬೇಕು, ಇಲ್ಲವೆ ಅಣ್ಣಿಗೇರಿಯ ಪಂಪನ ಬಗ್ಗೆ ಮಾತಾಡಬೇಕು ಎಂದು ನೀವು ಬಯಸುವುದು ಸಹಜ. ದತ್ತಿಯ ಹಿರಿಯರು ವಿಷಯವನ್ನು ನನಗೇ ಬಿಟ್ಟರು. ನಾನು ಆರಿಸಿಕೊಂಡದ್ದು ನಮ್ಮ ಮಕ್ಕಳು ಶಾಲೆಯ ಪ್ರವಾಸದಲ್ಲಿ ಬಸ್ಸು ಹತ್ತಿ ನೋಡಿ ಬರುವ ಒಂದು ಜಾಗವನ್ನು. ಅದು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಇಂಥ ಥೀಮ್ ಪಾರ್ಕುಗಳನ್ನು ನಮ್ಮ ವಿದ್ವತ್ತಿನ ಲೋಕ ಮನರಂಜನೆಯ ಖಾತೆಗೆ ಬರೆದು ಸುಮ್ಮನಾಗಿದೆ. ಆದರೆ ಹಳ್ಳಿಯ ಬದುಕು ಹೀಗಿತ್ತು ಎಂದು ಮುಂದಿನ ತಲೆಮಾರಿಗೆ ತೋರಿಸುವ ಕೆಲಸವನ್ನು ಇಂದು ಪುಸ್ತಕಗಳಿಗಿಂತ ಹೆಚ್ಚಾಗಿ ಇಂಥ ಜಾಗಗಳು ಮಾಡುತ್ತಿವೆ. ಹೀಗಿರುವಾಗ ಅವುಗಳ ರೂಪ ಹೇಗೆ ಬದಲಾಗುತ್ತದೆ, ಯಾಕೆ ಬದಲಾಗುತ್ತದೆ, ಆ ಬದಲಾವಣೆಯಲ್ಲಿ ನಮ್ಮ ಮಾತು ನಡೆಯುತ್ತದೆಯೆ ಎಂದು ಕೇಳಿಕೊಳ್ಳಲೇಬೇಕು.

1997ರವರೆಗೆ ಶಿಗ್ಗಾಂವಿ ನಮ್ಮ ಧಾರವಾಡ ಜಿಲ್ಲೆಯದೇ ತಾಲೂಕು. ಗದಗ, ಹಾವೇರಿ ಬೇರೆ ಜಿಲ್ಲೆಗಳಾದ ಮೇಲೆ ಕಾಗದದಲ್ಲಿ ಗಡಿ ಬಿತ್ತು. ಕುಂದಗೋಳ ತಾಲೂಕಿನ ತೆಂಕಣ ಅಂಚಿನ ಹೊಲಗಳಿಗೆ ಆ ಗಡಿಯ ಅರಿವಿಲ್ಲ. ಬೀಗತನ, ಸಂತೆ, ಜಾತ್ರೆ, ದೊಡ್ಡಾಟದ ಮೇಳ ಎಲ್ಲವೂ ಎರಡೂ ಕಡೆಗೆ ಹರಿದಾಡಿಕೊಂಡೇ ಇವೆ. ಗೊಟಗೋಡಿಯಲ್ಲಿ ಸಿಮೆಂಟಿನಲ್ಲಿ ನಿಂತಿರುವ ಊರು ನಮ್ಮದೇ ಊರು ಎಂದು ನಾನು ಹೇಳುವುದು ಈ ನಂಟಿನ ಬಲದ ಮೇಲೆ.

ಆ ಊರನ್ನು ಕಟ್ಟಿದವರು ಟಿ.ಬಿ. ಸೊಲಬಕ್ಕನವರ. ಅವರು ಚಿತ್ರಕಲೆ ಕಲಿಸಿದ ಮೇಷ್ಟ್ರು, ದೊಡ್ಡಾಟದ ಕಲಾವಿದರು. ಕರ್ನಾಟಕ ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದಾಗಲೇ 2020ರಲ್ಲಿ ತೀರಿಕೊಂಡರು. ಉದ್ಯಾನದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಶಿಲ್ಪಗಳಿವೆ ಎಂಬುದು ಎಲ್ಲರ ಬಾಯಲ್ಲಿರುವ ಲೆಕ್ಕ. ಒಕ್ಕಲುತನ, ದನಗಾಹಿಗಳು, ಕುರಿ ಹಿಂಡು, ನಾನಾ ಕಸುಬು, ಮನೆಯೊಳಗಿನ ಹೆಣ್ಣುಮಕ್ಕಳ ಕೆಲಸ, ದೇಸಗತಿಯ ವಾಡೆ, ಎಲ್ಲವೂ ಆಳೆತ್ತರದ ಆಕೃತಿಗಳಾಗಿ ನಿಂತಿವೆ. ನನ್ನ ಗಮನ ಸೆಳೆದದ್ದು ಎಣಿಕೆಗಿಂತ ಜೋಡಣೆ. ಅಲ್ಲಿ ಆಕೃತಿಗಳು ಒಂಟಿಯಾಗಿ ಪೀಠದ ಮೇಲೆ ನಿಂತಿಲ್ಲ. ಒಬ್ಬರ ಕಣ್ಣು ಇನ್ನೊಬ್ಬರ ಕೆಲಸದ ಮೇಲಿದೆ, ಒಬ್ಬರ ಕೈ ಇನ್ನೊಬ್ಬರ ಕಡೆಗೆ ಚಾಚಿದೆ. ನೋಡುವವರು ನಡುವೆ ನಡೆದು ಹೋಗಬೇಕು. ಇದು ರಂಗದ ಮೇಲೆ ನಿಂತು ಬಲ್ಲವರು ಮಾಡಿದ ಕೆಲಸ. ದೊಡ್ಡಾಟದಲ್ಲಿ ಪಾತ್ರ ಕುಣಿದು ಒಂದು ಕ್ಷಣ ನಿಲ್ಲುತ್ತದಲ್ಲ, ಆ ನಿಲುವನ್ನೇ ಸಿಮೆಂಟಿಗೆ ಇಳಿಸಿದ್ದಾರೆ ಎಂದು ನನಗೆ ತೋರುತ್ತದೆ.

ಉದ್ಯಾನ ಬಾಗಿಲು ತೆರೆದ ಹೊಸದರಲ್ಲಿ ನೋಡಲು ಬಂದ ನಮ್ಮ ಕಡೆಯ ಹಿರಿಯರಿಗೆ ಅಲ್ಲಿ ವಿವರಣೆ ಬೇಕಿರಲಿಲ್ಲ. ಅವರು ಆಕೃತಿಗಳನ್ನು ಗುರುತು ಹಿಡಿಯುತ್ತಿದ್ದರು. ಕೂರಿಗೆಯ ತಾಳು ಸರಿಯಾಗಿದೆಯೆ, ಎತ್ತಿನ ಕೊರಳಿಗೆ ಕಟ್ಟಿದ್ದು ಯಾವ ಬಗೆಯದು, ಹೆಣ್ಣುಮಗಳು ಸೆರಗು ಹೊತ್ತ ರೀತಿ ಯಾವ ಸೀಮೆಯದು ಎಂದು ತಪ್ಪು ಒಪ್ಪು ಎಣಿಸಬಲ್ಲವರು ಅವರು. ಆಗ ಉದ್ಯಾನ ಕನ್ನಡಿಯ ಕೆಲಸ ಮಾಡಿತು. ಇಂದು ಅದೇ ಆಕೃತಿಗಳ ಮುಂದೆ ನಿಲ್ಲುವ ಹತ್ತು ವರ್ಷದ ಮಗುವಿಗೆ ಅದು ಕನ್ನಡಿಯಾಗುವುದಿಲ್ಲ. ಶಿಲ್ಪ ಅದೇ, ಜಾಗ ಅದೇ, ಗುರುತು ಮಾತ್ರ ಬೇರೆ. ಉದ್ಯಾನವೊಂದು ಬದಲಾಗಲು ಅದರೊಳಗೆ ಏನನ್ನೂ ಕೆಡವಿ ಕಟ್ಟಬೇಕಾಗಿಲ್ಲ ಎಂಬ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಸುತ್ತಲಿನ ಹೊಲಗಳು ಬದಲಾದರೆ ಸಾಕು.

ಕಣವನ್ನೇ ತೆಗೆದುಕೊಳ್ಳೋಣ. ಹಿಂಗಾರಿನ ಜೋಳ ಕೊಯ್ದ ಮೇಲೆ ನೆಲ ಕೆತ್ತಿ, ನೀರು ಹೊಡೆದು, ದನ ತುಳಿಸಿ, ಸಗಣಿ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ಮೇಟಿ ನೆಟ್ಟು ಅದಕ್ಕೆ ಎತ್ತುಗಳನ್ನು ಸಾಲಾಗಿ ಹೂಡಿ ಸುತ್ತಿಸುವುದೇ ಹಂತಿ. ರಾತ್ರಿಯೆಲ್ಲ ಸುತ್ತಬೇಕು, ಎತ್ತಿಗೂ ಮನುಷ್ಯನಿಗೂ ನಿದ್ದೆ ಬರಬಾರದು. ಅದಕ್ಕೇ ಹಂತಿಯ ಹಾಡು. ಒಬ್ಬ ಎತ್ತಿದರೆ ಉಳಿದವರು ಸೊಲ್ಲು ಹಿಡಿಯುವರು. ಶರಣರ ಕಥೆ, ದೇವರ ಕಥೆ, ನೋಂಪಿಯ ಕಥೆ, ಹೀಗೆ ಬೆಳಗಾಗುವವರೆಗೆ ಮುಗಿಯದ ಹಾಡುಗಳು ಆ ದುಡಿಮೆಯ ಹೊಟ್ಟೆಯಲ್ಲಿ ಹುಟ್ಟಿದವು. ಆಮೇಲೆ ಗಾಳಿ ನೋಡಿ ತೂರುವುದು, ರಾಶಿ ಕೂಡಿಸಿ ಪೂಜೆ ಮಾಡುವುದು. ಬಡಿಗ, ಕಮ್ಮಾರ, ಕುಂಬಾರ, ನಾವಿಂದ ಮೊದಲಾದ ಆಯಗಾರರಿಗೆ ವರ್ಷದ ಆಯ ಸಲ್ಲುತ್ತಿದ್ದುದೂ ಆ ಕಣದಲ್ಲಿಯೇ. ಕಾಳು ಚೀಲಕ್ಕಿಂತ ಮೊದಲು ನೆಲದೊಳಗಿನ ಕಣಜವಾದ ಹಗೇವಿಗೆ ಇಳಿಯುತ್ತಿತ್ತು. ನವಲಗುಂದ, ಅಣ್ಣಿಗೇರಿ ಸೀಮೆಯ ಎರೆ ನೆಲದ ಊರುಗಳಲ್ಲಿ ಹಗೇವು ಅಂದರೆ ಮನೆತನದ ಬಲ. ಈಗ ಬೆಳೆ ಕೊಯ್ಯಲು ಯಂತ್ರ ಬರುತ್ತದೆ, ಒಕ್ಕಣೆ ಹೊಲದಲ್ಲಿಯೇ ಮುಗಿಯುತ್ತದೆ, ಕಾಳು ಅಲ್ಲಿಂದಲೇ ಪೇಟೆಗೆ ಹೋಗುತ್ತದೆ. ದುಡಿಯುವ ಮೈಗಳಿಗೆ ಅದು ಬಿಡುಗಡೆ. ಹಳೆಯ ಕಣ ಮತ್ತೆ ಬರಲಿ ಎಂದು ನಾನು ಕೇಳುವವನಲ್ಲ. ಆದರೆ ಕಣ ಹೋದಾಗ ಅದರ ಜೊತೆ ಒಂದು ಊರಿನ ಲೆಕ್ಕಾಚಾರ, ಹಾಡು, ಮಾತು ಎಲ್ಲವೂ ಹೋದವು. ಉದ್ಯಾನದ ಸಿಮೆಂಟಿನ ಎತ್ತು ಸುತ್ತುವುದಿಲ್ಲ. ಅದರ ಹಿಂದೆ ಹಾಡು ಇತ್ತು ಎಂದು ಮಗುವಿಗೆ ಹೇಳುವವರು ಯಾರು?

ಅದನ್ನು ಹೇಳಬಲ್ಲ ಸಂಸ್ಥೆ ಅದೇ ಊರಿನಲ್ಲಿದೆ ಎಂಬುದು ನಮ್ಮ ಭಾಗ್ಯ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ನೆಲೆ ನಿಂತದ್ದು ಗೊಟಗೋಡಿಯಲ್ಲಿಯೇ. ಒಂದೇ ಊರಿನಲ್ಲಿ ಒಂದು ಕಡೆ ಹಳ್ಳಿಯ ರೂಪ, ಇನ್ನೊಂದು ಕಡೆ ಹಳ್ಳಿಯ ವಿದ್ಯೆ. ಇವೆರಡರ ನಡುವೆ ದಿನನಿತ್ಯದ ಕೊಡುಕೊಳ್ಳುವಿಕೆ ಇರಬೇಕು. ಹಂತಿಯ ಆಕೃತಿಗಳ ಮುಂದೆ ನಿಂತ ಮಗುವಿನ ಕಿವಿಗೆ ಹಂತಿಯ ಹಾಡಿನ ಧ್ವನಿಮುದ್ರಿಕೆ ಬೀಳಬೇಕು. ಹಾಡಿದವರ ಹೆಸರು, ಊರು ಅಲ್ಲಿ ಬರೆದಿರಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಕೂತು ಮಾತಾಡಿದರೆ ಆಗುವ ಕೆಲಸ.

ಕಟ್ಟಿದವರು ಹೋದ ಮೇಲೆ ಇಂಥ ಜಾಗದ ಗತಿ ಏನು ಎಂದು ತಿಳಿಯಲು ಅದರ ಹೆಸರಿನ ಮೂಲಕ್ಕೆ ಹೋಗೋಣ. ರಾಕ್ ಗಾರ್ಡನ್ ಎಂಬ ಹೆಸರು ನಮ್ಮ ದೇಶದಲ್ಲಿ ಚಂಡೀಗಢದಿಂದ ಹರಡಿತು. ಲೋಕೋಪಯೋಗಿ ಇಲಾಖೆಯ ರಸ್ತೆ ತಪಾಸಣೆಗಾರ ನೇಕ್ ಚಂದ್ 1957ರ ಸುಮಾರಿಗೆ ಕಾಡಿನ ಮರೆಯಲ್ಲಿ, ಯಾರಿಗೂ ಹೇಳದೆ, ಒಡೆದ ಬಳೆ, ಹೆಂಚಿನ ಚೂರು, ಬಿಸಾಕಿದ ವಿದ್ಯುತ್ ಸಾಮಾನುಗಳಿಂದ ಆಕೃತಿಗಳನ್ನು ಮಾಡತೊಡಗಿದರು. ವರ್ಷಗಳ ಮೇಲೆ ಅಧಿಕಾರಿಗಳಿಗೆ ಗೊತ್ತಾಯಿತು. ಸರ್ಕಾರಿ ಜಾಗದ ಅತಿಕ್ರಮಣ ಎಂದು ನೆಲಸಮವಾಗಬೇಕಿದ್ದದ್ದು ಜನರ ಒತ್ತಾಯದಿಂದ ಉಳಿದು, 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಒಬ್ಬನ ಗುಟ್ಟಿನ ಲೋಕ ಸರ್ಕಾರದ ಉದ್ಯಾನವಾಯಿತು, ಆಮೇಲೆ ಪ್ರವಾಸಿಗರ ತಾಣವಾಯಿತು. ಮುಂದಿನ ಹಂತಗಳಲ್ಲಿ ಜಲಪಾತ ಬಂತು, ಬಯಲು ರಂಗಮಂದಿರ ಬಂತು, ದೊಡ್ಡ ಜೋಕಾಲಿಗಳು ಬಂದವು. ನೇಕ್ ಚಂದ್ 2015ರಲ್ಲಿ ತೀರಿಕೊಂಡರು. 2025ರಲ್ಲಿ ಹೈಕೋರ್ಟಿನ ಕಡೆಯ ರಸ್ತೆ ಅಗಲ ಮಾಡುವುದಕ್ಕೆಂದು ಆ ಉದ್ಯಾನದ ಗೋಡೆಯ ಒಂದು ಭಾಗವನ್ನೇ ಕೆಡವಿದರು. ಲೋಕ ಹೊಗಳಿದ ಜಾಗಕ್ಕೂ ಕಟ್ಟಿದವನು ಹೋದ ಮೇಲೆ ಕಾವಲು ಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಸೊಲಬಕ್ಕನವರೂ ಈಗ ಇಲ್ಲ. ಗೊಟಗೋಡಿ ಖಾಸಗಿ ಉದ್ಯಾನ, ಅವರ ಮನೆತನ ಮತ್ತು ತಂಡ ಅದನ್ನು ನಡೆಸಿಕೊಂಡು ಬಂದಿವೆ. ಕಟ್ಟಿದ ಮೊದಲ ಕೈ ಸರಿದ ಮೇಲೆ ಎರಡನೆಯ ತಲೆಮಾರು ಏನನ್ನು ಉಳಿಸಿಕೊಳ್ಳುತ್ತದೆ, ಏನನ್ನು ಸೇರಿಸುತ್ತದೆ ಎಂಬುದರ ಮೇಲೆ ಯಾವುದೇ ಉದ್ಯಾನದ ಮುಂದಿನ ಗುರುತು ನಿಂತಿರುತ್ತದೆ.

ಸೇರಿಸಿದ್ದರ ಬಗ್ಗೆ ಒಂದೆರಡು ಮಾತು. ಗೊಟಗೋಡಿಯಲ್ಲಿ ಹಳ್ಳಿಯ ಜೊತೆಗೆ ಆಧುನಿಕ ಕಲೆಯ ಸಂಗ್ರಹಾಲಯವಿದೆ, ಡಾ. ರಾಜ್‌ಕುಮಾರ್ ಅವರ ಪಾತ್ರಗಳನ್ನು ಶಿಲ್ಪವಾಗಿಸಿದ ವೃತ್ತವಿದೆ, ದೋಣಿ ವಿಹಾರವಿದೆ, ಸಾಹಸದ ಆಟಗಳಿವೆ. ಹಳ್ಳಿಯ ಉದ್ಯಾನದಲ್ಲಿ ಸಿನೆಮಾ ನಟನಿಗೆ ಏನು ಕೆಲಸ ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 1972ರ ‘ಬಂಗಾರದ ಮನುಷ್ಯ’ ನೋಡಿ ಪೇಟೆ ಬಿಟ್ಟು ಹೊಲಕ್ಕೆ ಮರಳಿದವರ ಮಾತನ್ನು ಈ ನಾಡು ಇಂದಿಗೂ ಆಡುತ್ತದೆ. ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು ನೋಡಿದ ರಾಜ್‌ಕುಮಾರ್ ನಮ್ಮ ಹಳ್ಳಿಯ ನೆನಪಿನ ಹೊರಗಿನವರಲ್ಲ. ಆಟಗಳ ವಿಷಯದಲ್ಲಿ ಮಾತ್ರ ಅಳತೆ ಬೇಕು. ಶಿಲ್ಪವನ್ನು ಒಮ್ಮೆ ನೋಡಿದವರು ಎರಡನೆಯ ಸಲ ಬರುವುದು ಕಡಿಮೆ. ದೋಣಿ, ಜೋಕಾಲಿಗೆ ಮಕ್ಕಳು ಮತ್ತೆ ಮತ್ತೆ ಬರುತ್ತಾರೆ. ಶಾಲಾ ಪ್ರವಾಸ ಚಳಿಗಾಲದ ಎರಡು ಮೂರು ತಿಂಗಳ ಸುಗ್ಗಿ. ಆಳುಗಳ ಪಗಾರ, ಬಣ್ಣ, ನೀರು ಮಾತ್ರ ಹನ್ನೆರಡು ತಿಂಗಳೂ ನಡೆಯಬೇಕು. ಈ ಲೆಕ್ಕ ಗೊತ್ತಿದ್ದವರು ಆಟಗಳನ್ನು ಸುಲಭವಾಗಿ ಬಯ್ಯಲಾರರು.

ಆಟಗಳನ್ನು ಸೇರಿಸಿಯೂ ಮೂಲವನ್ನು ಉಳಿಸಿಕೊಳ್ಳಬಹುದು ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ನಾಟ್ ಎಂಬ ಒಕ್ಕಲು ಮನೆತನದ ಕಥೆ ಇದೆ, ಅದು ನಮ್ಮ ರೈತರಿಗೆ ಹತ್ತಿರವಾದದ್ದು. ವಾಲ್ಟರ್ ನಾಟ್ ಬೆರ್ರಿ ಹಣ್ಣು ಬೆಳೆದು ರಸ್ತೆ ಬದಿಯಲ್ಲಿ ಮಾರುತ್ತಿದ್ದವರು. ಹೆಂಡತಿ ಕಾರ್ಡೀಲಿಯಾ 1934ರಲ್ಲಿ ಅಲ್ಲೇ ಕೋಳಿ ಊಟ ಬಡಿಸತೊಡಗಿದರು. ಊಟಕ್ಕೆ ತಾಸುಗಟ್ಟಲೆ ಸಾಲು ನಿಲ್ಲುವವರಿಗೆ ಹೊತ್ತು ಹೋಗಲೆಂದು 1940ರಲ್ಲಿ ಹಳೆಯ ಗಣಿಯೂರಿನ ಮಾದರಿಯೊಂದನ್ನು ಕಟ್ಟಲು ಶುರುಮಾಡಿದರು. 1955ರಲ್ಲಿ ಕೆಲವೇ ಮೈಲಿ ದೂರದಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. 1968ರಲ್ಲಿ ನಾಟ್ ಅವರೂ ಸುತ್ತ ಬೇಲಿ ಹಾಕಿ ಪ್ರವೇಶಕ್ಕೆ ಹಣ ಪಡೆಯತೊಡಗಿದರು. ಈಗ ಅದು ರೋಲರ್ ಕೋಸ್ಟರುಗಳ ದೊಡ್ಡ ಪಾರ್ಕು. ಆದರೂ ಹೆಸರಿನಲ್ಲಿ ಬೆರ್ರಿ ಉಳಿದಿದೆ, ಕೋಳಿ ಊಟವೂ ನಡೆದಿದೆ. ಮೂಲದ ಒಂದು ಕಸುಬನ್ನು ಬಿಡದೆ ಹಿಡಿದುಕೊಂಡದ್ದರಿಂದ ಬದಲಾದರೂ ಅದು ಬೇರೆಯದಾಗಲಿಲ್ಲ. ನಮ್ಮ ಪಕ್ಕದ ಕೇರಳದಲ್ಲಿ 2000ದಲ್ಲಿ ಕೊಚ್ಚಿ ಬಳಿ ತೆರೆದ ವೀಗಾಲ್ಯಾಂಡ್ ಮುಂದೆ ಬೆಂಗಳೂರಿನ ಪಾರ್ಕಿನ ಹೆಸರನ್ನೇ ಹೊತ್ತು ವಂಡರ್‌ಲಾ ಆಯಿತು. ಅಲ್ಲಿ ಹಿಡಿದುಕೊಳ್ಳಬೇಕಾದ ಊರಿನ ಗುರುತು ಯಾವುದೂ ಇರಲಿಲ್ಲ, ಆದ್ದರಿಂದ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಗೊಟಗೋಡಿಗೆ ಆ ಸಲೀಸು ಇಲ್ಲ. ಅದು ಹೊತ್ತಿರುವುದು ನಮ್ಮ ಅಜ್ಜ ಅಜ್ಜಿಯರ ಮೈಕಟ್ಟನ್ನು.

ಈಗ ಯಾರೂ ಮಾತಾಡದ ಒಂದು ವಿಷಯಕ್ಕೆ ಬರುತ್ತೇನೆ. ಉದ್ಯಾನದ ರೂಪ ಹೆಚ್ಚು ಬದಲಾಗುವುದು ಹೊಸದನ್ನು ಕಟ್ಟುವಾಗ ಎಂದು ನಾವು ತಿಳಿದಿದ್ದೇವೆ. ನಿಜಕ್ಕೂ ಅದು ಹೆಚ್ಚು ಬದಲಾಗುವುದು ದುರಸ್ತಿಯಲ್ಲಿ. ಸಿಮೆಂಟಿನ ಆಕೃತಿಗೆ ಒಳಗೆ ಕಬ್ಬಿಣದ ಸರಳಿನ ಎಲುಬು, ಅದರ ಮೇಲೆ ಜಾಳಿಗೆ, ಅದರ ಮೇಲೆ ಪದರ ಪದರವಾಗಿ ಗಾರೆ. ನೀರು ಉಣಿಸಿ ಗಟ್ಟಿಮಾಡಿ ಬಣ್ಣ ಬಳಿಯುತ್ತಾರೆ. ಬಿಸಿಲಿಗೆ ಬಣ್ಣ ಮಾಸುತ್ತದೆ, ಸಣ್ಣ ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ, ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಸರಳು ಮೇಲಿನ ಗಾರೆಯನ್ನು ಒಡೆಯುತ್ತದೆ. ಮೊದಲು ಹೋಗುವುದು ಬೆರಳು, ಕಿವಿ, ಎತ್ತಿನ ಕೋಡಿನ ತುದಿ. ಕಲ್ಲಿನ ಗುಡಿ ನೂರಾರು ವರ್ಷ ನಿಲ್ಲುತ್ತದೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದಿಂದ ನಿಂತಿದೆ. ಸಿಮೆಂಟಿಗೆ ಆ ಆಯುಷ್ಯ ಇಲ್ಲ. ಅದನ್ನು ನಿತ್ಯ ನೋಡಿಕೊಳ್ಳಬೇಕು.

ಆ ನೋಡಿಕೊಳ್ಳುವ ಕೈ ಯಾರದು ಎಂಬುದು ಮುಖ್ಯ. ಮೇಲಿಂದ ಮೇಲೆ ಬಣ್ಣ ಬಳಿದರೆ ನೆರಿಗೆಯ ಗೆರೆ ತುಂಬಿ ಹೋಗುತ್ತದೆ, ಹಣೆಯ ಸುಕ್ಕು ಮುಚ್ಚಿ ಹೋಗುತ್ತದೆ. ಕಣ್ಣಿನ ಕಪ್ಪು ಒಂದು ಗೆರೆಯಷ್ಟು ಸರಿದರೂ ದುಡಿದು ದಣಿದ ಹೆಂಗಸು ಸುಮ್ಮನೆ ನಗುವ ಬೊಂಬೆಯಾಗುತ್ತಾಳೆ. ಇಳಕಲ್ಲ ಸೀರೆಯ ಸೆರಗಿನ ಕೆಂಪು ಎಂಥದು, ಗಂಡಸಿನ ರುಮಾಲಿನ ಸುತ್ತು ಯಾವ ಕಡೆಗೆ ಎಂದು ತಿಳಿಯದ ಪೇಂಟರು ಡಬ್ಬಿಯಲ್ಲಿ ಇದ್ದ ಬಣ್ಣ ಬಳಿದು ಹೋದರೆ ನಾಲ್ಕು ಸಲದ ದುರಸ್ತಿಯಲ್ಲಿ ಆ ಊರು ಯಾವ ಊರೂ ಅಲ್ಲದಾಗುತ್ತದೆ. ನಮ್ಮ ಊರುಗಳ ಎಷ್ಟೋ ಸರ್ಕಲ್ಲುಗಳಲ್ಲಿ ನಿಂತ ಮೂರ್ತಿಗಳಿಗೆ ಆಗಿರುವುದು ಇದೇ. ಆದ್ದರಿಂದ ಒಂದು ಉದ್ಯಾನ ಎಷ್ಟು ಹೊಸ ವಿಭಾಗ ತೆರೆಯಿತು ಎಂಬುದನ್ನು ನಾನು ಕೇಳುವುದಿಲ್ಲ. ಅದನ್ನು ಕಟ್ಟಿದ ತಂಡದಲ್ಲಿ ಕಲಿತ ಎಷ್ಟು ಕೈಗಳು ಇನ್ನೂ ಅಲ್ಲಿ ಕೆಲಸದಲ್ಲಿವೆ, ಅವರು ಎಷ್ಟು ಹೊಸಬರಿಗೆ ಕಲಿಸಿದರು ಎಂದು ಕೇಳುತ್ತೇನೆ. ಶಿಲ್ಪಿಗಳಿಗೆ ವರ್ಷವಿಡೀ ಸಂಬಳ ಕೊಡುವ ಉದ್ಯಾನ ತನ್ನ ಮುಖ ಉಳಿಸಿಕೊಳ್ಳುತ್ತದೆ.

ಅಲ್ಲಿ ಇಲ್ಲದಿರುವುದರ ಬಗ್ಗೆಯೂ ಹೇಳಬೇಕು. ಇದು ದೂರಲ್ಲ, ಕೇಳಿಕೆ. ಸಿಮೆಂಟಿನ ಹಳ್ಳಿಯಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ನೆಮ್ಮದಿಯಾಗಿ ತೊಡಗಿದ್ದಾರೆ. ನಾವು ಬಲ್ಲ ಹಳ್ಳಿ ಅಷ್ಟು ಸಮಾಧಾನದ್ದಾಗಿರಲಿಲ್ಲ. ಮಲಪ್ರಭೆಯ ಕಾಲುವೆ ಬಂದಾಗ ನೀರು ಕಾಣದ ಹೊಲಕ್ಕೂ ಕರ ಬಿತ್ತು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ರೈತರು ಎದ್ದರು, ಗುಂಡಿಗೆ ಬಲಿಯಾದರು. ನಾಡಿನ ರೈತ ಚಳವಳಿಗೆ ಆ ದಿನ ತಿರುವು. ಮಹದಾಯಿ ನೀರಿಗಾಗಿ ಅದೇ ಊರುಗಳು ವರ್ಷಗಟ್ಟಲೆ ಧರಣಿ ಕೂತಿವೆ. ಕೊಡ ಹೊತ್ತು ಹರದಾರಿ ನಡೆದ ಹೆಣ್ಣುಮಕ್ಕಳ ಬವಣೆ ಇದೆ. ಯಾವ ಕೇರಿಯವರು ಯಾವ ಬಾವಿಯ ನೀರು ಸೇದಬಹುದಿತ್ತು, ಯಾರು ಸೇದುವಂತಿರಲಿಲ್ಲ ಎಂಬ ನೋವು ಇದೆ. ಹಳ್ಳಿಯನ್ನು ತೋರಿಸುವ ಉದ್ಯಾನಗಳು, ನಮ್ಮಲ್ಲಿಯೂ ಹೊರನಾಡಿನಲ್ಲಿಯೂ, ಸಾಮಾನ್ಯವಾಗಿ ಈ ಭಾಗವನ್ನು ಬಿಟ್ಟೇ ಕಟ್ಟುತ್ತವೆ.

ಬಿಟ್ಟದ್ದನ್ನು ಮುಂದೆ ತಿದ್ದಿಕೊಳ್ಳಲು ಬರುತ್ತದೆ. ಡಿಸ್ನಿಯವರ ಪಾರ್ಕಿನಲ್ಲಿ 1989ರಲ್ಲಿ ತೆರೆದ ಸ್ಪ್ಲ್ಯಾಶ್ ಮೌಂಟನ್ ಎಂಬ ನೀರಿನ ಸವಾರಿ ಇತ್ತು. ಅದಕ್ಕೆ ಆಧಾರ 1946ರ ಒಂದು ಸಿನೆಮಾ. ಕಪ್ಪು ಜನರ ತೋಟದ ಬದುಕನ್ನು ಸುಖದ ಚಿತ್ರವಾಗಿ ತೋರಿಸಿತು ಎಂಬ ಆಕ್ಷೇಪ ಆ ಸಿನೆಮಾದ ಮೇಲೆ ಹಳೆಯದು. 2023ರಲ್ಲಿ ಆ ಸವಾರಿಯನ್ನು ಮುಚ್ಚಿ, 2024ರಲ್ಲಿ ಅದೇ ನೀರಿನ ಹಾದಿಯ ಮೇಲೆ ಟಿಯಾನಾ ಎಂಬ ಕಪ್ಪು ಹುಡುಗಿಯ ಕಥೆಯನ್ನು ಕಟ್ಟಿದರು. ಕಾಲುವೆ, ಇಳಿಜಾರು, ದೋಣಿ ಅವೇ ಉಳಿದು, ಹೇಳುವ ಕಥೆ ಬದಲಾಯಿತು. ಗೊಟಗೋಡಿಯ ವಾಡೆಯ ಮುಂದೆ ಒಂದು ದಿನ 1980ರ ರೈತ ನಿಂತರೆ ಉದ್ಯಾನದ ಬೆಲೆ ಏರುತ್ತದೆ ಹೊರತು ಇಳಿಯುವುದಿಲ್ಲ.

ಕೆಲವರು ಹೇಳುತ್ತಾರೆ, ಮೂರ್ತಿಗಳ ಬದಲು ಜೀವಂತ ಕಸುಬುದಾರರನ್ನೇ ಕೂರಿಸಿ ಎಂದು. ಈ ಯೋಚನೆಗೆ ಬಹಳ ಹಳೆಯ ಮೇಲ್ಪಂಕ್ತಿ ಇದೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಆರ್ತುರ್ ಹಜೇಲಿಯಸ್ ಎಂಬುವರು 1891ರಲ್ಲಿ ಸ್ಕಾನ್ಸೆನ್ ತೆರೆದರು. ಕಾರ್ಖಾನೆಗಳು ಬಂದು ಹಳ್ಳಿಯ ಬದುಕು ಕಣ್ಣೆದುರೇ ಕರಗುತ್ತಿದ್ದ ಕಾಲ ಅದು. ದೇಶದ ಮೂಲೆ ಮೂಲೆಯಿಂದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದರು, ಅವುಗಳಲ್ಲಿ ಕಸುಬುದಾರರನ್ನು ಕೂರಿಸಿದರು. ಲೋಕದ ಬಯಲು ವಸ್ತುಸಂಗ್ರಹಾಲಯಗಳಿಗೆಲ್ಲ ಅದು ಮಾದರಿಯಾಯಿತು. ಮುಂದೆ ಪ್ರಾಣಿಗಳು, ಸಂಗೀತ ಕಚೇರಿ, ಕ್ರಿಸ್‌ಮಸ್ ಸಂತೆ ಎಲ್ಲ ಅಲ್ಲಿ ಸೇರಿಕೊಂಡವು. ಆದರೆ ಅದೇ ಸ್ಕಾನ್ಸೆನ್ ತನ್ನ ಮೊದಲ ವರ್ಷಗಳಲ್ಲಿ ಉತ್ತರದ ಸಾಮಿ ಬುಡಕಟ್ಟಿನ ಕುಟುಂಬಗಳನ್ನು ಬಿಡಾರ ಸಮೇತ ಜನರ ನೋಟಕ್ಕೆ ಇಟ್ಟಿತ್ತು. ಮನುಷ್ಯರನ್ನು ಪ್ರದರ್ಶನಕ್ಕೆ ಇಡುವುದು ಸಲ್ಲದು. ಕಸುಬುದಾರ ಅಲ್ಲಿ ಕೂರುವುದಾದರೆ ತಕ್ಕ ಕೂಲಿ, ತನ್ನ ಹೆಸರಿನ ಫಲಕ, ಮಾಡಿದ ಮಾಲು ಮಾರುವ ಹಕ್ಕು, ತನ್ನ ಕಥೆಯನ್ನು ತಾನೇ ಹೇಳುವ ಅವಕಾಶ ಇವು ಮೊದಲೇ ಗೊತ್ತಾಗಿರಬೇಕು.

ನಮ್ಮ ನಾಡಿನಲ್ಲಿ ಈ ದಾರಿಯಲ್ಲಿ ಮೊದಲು ದೊಡ್ಡ ಹೆಜ್ಜೆ ಇಟ್ಟವರು ಎಚ್.ಎಲ್. ನಾಗೇಗೌಡರು. 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆದರು. ಅವರು ಮೊದಲು ಕೂಡಿಹಾಕಿದ್ದು ಬಳಸಿದ ವಸ್ತುಗಳನ್ನು, ಹಾಡು ಕಥೆಗಳ ಧ್ವನಿಮುದ್ರಣವನ್ನು. ಅವುಗಳಿಗೆ ನೆಲೆಯಾಗಿ ಲೋಕ ಮಹಲ್, ಆಯಗಾರರ ಮಾಳ ಬಂದವು. ಬೆಂಗಳೂರು ಮೈಸೂರು ಹೆದ್ದಾರಿಯ ಅಂಚಿನಲ್ಲಿದ್ದದ್ದು ಅದರ ಬಲವಾಗಿತ್ತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ರಾಮನಗರವನ್ನು ಬಳಸಿಕೊಂಡು ಹೋಯಿತು. ಅವಸರದ ವಾಹನಗಳು ಈಗ ಆ ಬಾಗಿಲ ಮುಂದೆ ಹಾಯುವುದಿಲ್ಲ. ಗೊಟಗೋಡಿಯೂ ಪುಣೆ ಬೆಂಗಳೂರು ಹೆದ್ದಾರಿಯನ್ನು ನಂಬಿ ನಿಂತ ಜಾಗ. ಹಾದಿಹೋಕರನ್ನಷ್ಟೇ ನಂಬಿದರೆ ರಸ್ತೆಯ ನಕ್ಷೆ ಬದಲಾದ ದಿನ ಕಷ್ಟ. ಸುತ್ತಲಿನ ಊರುಗಳ ಜನ ತಮ್ಮದೆಂದು ತಿಳಿದು ಬರುವಂತಿರಬೇಕು. ಕೊಲ್ಲಾಪುರ ಬಳಿಯ ಕಣೇರಿ ಮಠದ ಸಿದ್ಧಗಿರಿ ಗ್ರಾಮಜೀವನ ವಸ್ತುಸಂಗ್ರಹಾಲಯದಲ್ಲಿ ಕಸುಬುಗಳ ಆಕೃತಿಗಳು ಇಂಥವೇ ಇವೆ, ಆದರೆ ಅಲ್ಲಿಗೆ ಮಠದ ಭಕ್ತರ ಒಳಹರಿವು ಇದೆ. ಗೊಟಗೋಡಿಗೆ ಭಕ್ತರಿಲ್ಲ. ನಾವಿದ್ದೇವೆ.

ಇಲ್ಲಿಗೆ ಬಂದ ಮೇಲೆ, ನಮ್ಮ ತಾಲೂಕುಗಳಿಗೂ ಒಂದೊಂದು ಇಂಥ ಉದ್ಯಾನ ಬೇಕು ಎನ್ನುವವರಿಗೆ ನನ್ನ ಉತ್ತರ ಹೇಳುತ್ತೇನೆ. ಬೇಡ. ನವಲಗುಂದ, ಅಣ್ಣಿಗೇರಿಯ ಎರೆ ನೆಲ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಸಿಮೆಂಟಿನ ಆಕೃತಿ ನಿಲ್ಲಿಸಲು ಬುನಾದಿಗೇ ಹಣ ಸುರಿಯಬೇಕು. ಅದಕ್ಕಿಂತ ದೊಡ್ಡ ಕಾರಣ, ನಮ್ಮಲ್ಲಿ ಇನ್ನೂ ಉಸಿರಾಡುತ್ತಿರುವ ಮೂಲಗಳೇ ಇವೆ. ಈ ಕುಂದಗೋಳದ ನಾಡಿಗೇರ ವಾಡೆಯನ್ನು ನೋಡಿರಿ. ಸವಾಯಿ ಗಂಧರ್ವರು ಅಲ್ಲಿ ಹಾಡಿದರು, ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಈ ಊರಿಗೆ ಬಂದು ಕಲಿತರು, ಗುರುವಿನ ನೆನಪಿನ ಸಂಗೀತೋತ್ಸವ ಆ ವಾಡೆಯಲ್ಲಿಯೇ ನಡೆದುಬಂದಿದೆ. ವಾಡೆ ಹೇಗಿತ್ತು ಎಂದು ತೋರಿಸಲು ನಮಗೆ ಇನ್ನೊಂದು ಮಾದರಿ ಬೇಕಿಲ್ಲ. ನವಲಗುಂದದಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ತಮ್ಮ ಮನೆಯ ಮಗ್ಗದಲ್ಲಿ ನೇಯ್ದ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಆದರೆ ನೇಯುವ ಕೈಗಳು ಬೆರಳೆಣಿಕೆಗೆ ಇಳಿದಿವೆ. ಕಲಘಟಗಿಯ ಚಿತ್ರಗಾರರ ಬಣ್ಣದ ತೊಟ್ಟಿಲಿಗೆ ಇಂದೂ ಗಿರಾಕಿಗಳಿದ್ದಾರೆ, ಕಲಿಯಲು ಬರುವ ಹುಡುಗರಿಲ್ಲ. ಹೊಸ ಉದ್ಯಾನಕ್ಕೆ ಬರುವ ಅನುದಾನವನ್ನು ಈ ಮಗ್ಗ, ಈ ತೊಟ್ಟಿಲು, ಈ ವಾಡೆಯ ಮಾಡಿಗೆ ಹಾಕಿದರೆ ನಾಲ್ಕೂ ತಾಲೂಕು ಸೇರಿ ಒಂದು ಬಯಲು ಸಂಗ್ರಹಾಲಯವಾಗುತ್ತದೆ. ಶಾಲೆಯ ಬಸ್ಸು ಗೊಟಗೋಡಿಗೆ ಹೋಗುವ ದಿನವೇ ಕುಂದಗೋಳದಲ್ಲಿ ಒಂದು ತಾಸು ನಿಂತು ವಾಡೆ ನೋಡಿಕೊಂಡು ಹೋದರೆ ಮಗುವಿಗೆ ಮೂಲವೂ ರೂಪವೂ ಒಟ್ಟಿಗೆ ತಿಳಿಯುತ್ತವೆ.

ಕೊನೆಯದಾಗಿ ಇಲ್ಲಿ ಕೂತಿರುವ ಮೇಷ್ಟ್ರುಗಳಿಗೆ, ಕಾಲೇಜಿನ ಮಕ್ಕಳಿಗೆ ನನ್ನ ಕೇಳಿಕೆ. ನಿಮ್ಮ ಊರಿನಲ್ಲಿ ಹಂತಿ ಹೊಡೆದವರು, ಹಗೇವು ಇಳಿದವರು, ಕೂರಿಗೆ ಹಿಡಿದು ಬಿತ್ತಿದ ಹೆಣ್ಣುಮಕ್ಕಳು ಇನ್ನೂ ಇದ್ದಾರೆ. ಅವರಲ್ಲಿ ಬಹಳ ಜನ ಎಂಬತ್ತರ ಆಸುಪಾಸಿನವರು. ಈ ಸುಗ್ಗಿಯೊಳಗೆ ಅವರ ಮುಂದೆ ಕೂತು, ಮೊಬೈಲಿನಲ್ಲಿ ಅವರ ದನಿ ಹಿಡಿಯಿರಿ. ಒಂದೊಂದು ಸಲಕರಣೆಯ ಹೆಸರು, ಅದರ ಬಿಡಿಭಾಗಗಳ ಹೆಸರು, ಅದನ್ನು ಮಾಡಿಕೊಟ್ಟ ಬಡಿಗನ ಊರು ಬರೆದುಕೊಳ್ಳಿರಿ. ಒಂದು ಪ್ರತಿ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಇನ್ನೊಂದು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೆ ತಲುಪಿಸಿರಿ. ಉದ್ಯಾನ ನಡೆಸುವವರಿಗೂ ಕಳಿಸಿಕೊಡಿರಿ. ಮುಂದಿನ ಸಲ ಅಲ್ಲಿಯ ಎತ್ತಿಗೆ, ಕೂರಿಗೆಗೆ, ಕಣಕ್ಕೆ ಬಣ್ಣ ಬಳಿಯುವವರ ಕೈಯಲ್ಲಿ ನಿಮ್ಮ ಊರಿನ ಹಿರಿಯರು ಹೇಳಿದ ಆ ಹಾಳೆ ಇರಲಿ.